ಮೆತ್ತನೆಯ ಪದ

ಅಪಘಾತದ ವರದಿಯಲ್ಲಿದ್ದ ‘ನೆಗ್ಲಿಜೆನ್ಸ್’ ಪದಕ್ಕೆ ವೈಟ್ನರ್ ಬಳಿದು, ಅದು ಒಣಗಿದ ಮೇಲೆ ಟೈಪಿಸ್ಟ್ ಅದೇ ಜಾಗದಲ್ಲಿ ‘ಓವರ್‌ಸೈಟ್’ ಎಂದು ಹೊಡೆದಳು. ಕಾರ್ಖಾನೆಯ ಇಂಗ್ಲಿಷ್ ಕಾಗದಗಳೆಲ್ಲ ಅವಳ ಕೈ ದಾಟಿಯೇ ಹೋಗಬೇಕು. “ಮೊದಲಿನದು ಒರಟು ಸಾರ್. ಪಾಪ, ಮೂರು ಬೆರಳು ಹೋಗಿರೋ ಮನುಷ್ಯ. ಇದು ಮೆತ್ತಗಿದೆ.”

“ನಿಮ್ಮ ಇಂಗ್ಲಿಷಿಗೆ ಕೈ ಮುಗೀಬೇಕಮ್ಮ,” ಎಂದರು ಮ್ಯಾನೇಜರ್. ಅವಳು ಒಳಗೊಳಗೇ ಹಿಗ್ಗಿದಳು.

ಅವಳು ಡಿಕ್ಷನರಿ ತಿರುವುತ್ತಿದ್ದುದನ್ನು ನೋಡುತ್ತ ಬೆಳಗ್ಗೆಯಿಂದ ಹೊರಗೆ ಬೆಂಚಿನ ಮೇಲೆ ಕೂತಿದ್ದ ಪ್ರೆಸ್ ಮೆಷಿನ್ನಿನವನನ್ನು ಸಹಿಗೆ ಕರೆದರು. ಅವನು ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಬಂದು ಕಾಗದದ ಮೇಲೆ ಬಗ್ಗಿದ. “ನಂಗೆ ಇಂಗ್ಲಿಷ್ ಬರಲ್ಲ. ಏನಂತ ಬರೆದಿದೆ ಅಕ್ಕ?”

“ನಿಮ್ಮ ಕಣ್ತಪ್ಪಿನಿಂದ ಆಯ್ತು ಅಂತ.”

“ಕೈ ಸಿಗದ ಹಾಗೆ ಮೆಷಿನ್ನಿಗಿದ್ದ ಗಾರ್ಡ್ ಬಿಚ್ಚಿಟ್ಟು ತಿಂಗಳಾಯ್ತಲ್ಲ, ಅದನ್ನ ಬರೆದಿಲ್ವಾ?”

ಮ್ಯಾನೇಜರ್ ಕಿಟಕಿಯತ್ತ ತಿರುಗಿಕೊಂಡರು. ಅವನ ಎಡಗೈ ಬೆರಳು ಉಬ್ಬಿದ್ದ ಬಿಳಿ ಕಲೆಯ ಮೇಲೆ ನಿಂತಿತು. “ಇದರ ಕೆಳಗೇನಿತ್ತು?”

“ನಿಮ್ಮ ನಿರ್ಲಕ್ಷ್ಯ ಅಂತಿತ್ತು. ನಾನೇ ಅಳಿಸಿದೆ,” ಎಂದು ಅವಳು ಅವನ ಮುಖ ನೋಡಿದಳು, ಒಂದು ಒಳ್ಳೆಯ ಮಾತಿಗೆ ಕಾಯುವವಳಂತೆ.

ಅವನು ಎಡಗೈಗೆ ಪೆನ್ನು ತೆಗೆದುಕೊಂಡ. “ಅದೂ ನನ್ನ ತಪ್ಪೇ, ಇದೂ ನನ್ನ ತಪ್ಪೇ. ಬೆಳಗ್ಗೆಯಿಂದ ಏನು ಹುಡುಕ್ತಿದ್ರಿ ಅಕ್ಕ?”