ತವರಿನ ರಕ್ತ

ವೈರಸ್ಸಿಗೆಂದು ಕೊಟ್ಟ ಮಾತ್ರೆ ನುಂಗಿ ಮಗನ ಕಣ್ಣು ಅರಿಸಿನದಂತಾದಾಗಿನಿಂದ ಚನಬಸಪ್ಪ ಹೆಂಡತಿ ನೀಲವ್ವನ ಜೀವ ಹಿಂಡುತ್ತಿದ್ದ. ಅದೇ ಮಾತ್ರೆ ನುಂಗಿದ ಉಳಿದ ರೋಗಿಗಳೆಲ್ಲ ಆರಾಮಾಗಿದ್ದರು.

"ನಮ್ಮ ಮನೆತನದಾಗ ಕಲ್ಲು ತಿಂದ್ರೂ ಕರಗಸ್ತಾರ. ಇದು ಇಕಿ ತವರಿನ ಹುಳುಕು ರಕ್ತ!" ಎಂದು ಡಾಕ್ಟರಮ್ಮನ ಎದುರಿಗೂ ಕೂಗಿದ.

"ಹೆದರಬ್ಯಾಡ್ರಿ, ಮಾತ್ರೆ ಬದಲಿಸಿದ್ರ ಆತು," ಎಂದರು ಡಾಕ್ಟರಮ್ಮ. "ಇದು ಹುಟ್ಟಿನಿಂದ ಬಂದ ಗುಣ. ತಾಯಿ ಕಡೆಯಿಂದ ಒಂದು ಪಾಲು, ತಂದೆ ಕಡೆಯಿಂದ ಒಂದು ಪಾಲು, ಎರಡೂ ಕೂಡಿದ್ರಷ್ಟ ಹಿಂಗಾಗ್ತದ."

"ನಮ್ಮ ಕಡೆ ಇಲ್ಲಂದ್ರ ಇಲ್ಲ!"

ನೀಲವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಹಂಗಾದ್ರ ಆ ಇನ್ನೊಂದು ಯಾರ ಕಡೀಂದ ಬಂತು? ಸಾವಕಾಶ ವಿಚಾರ ಮಾಡಿ ಹೇಳ್ರಿ."

ಚನಬಸಪ್ಪ ಗಡಬಡಿಸಿ ಡಾಕ್ಟರಮ್ಮನ ಕಡೆ ತಿರುಗಿದ.

"ಡಾಕ್ಟ್ರ, ನಮ್ಮ ಅಜ್ಜ, ನಮ್ಮಪ್ಪ, ನಾನು... ನಮ್ಮೆಲ್ಲಾರ ಕಣ್ಣೂ ಹುಟ್ಟಾ ಹಳದೀನ ರೀ!"