ಎಪ್ಪತ್ತೈದರ ರಮ್ಮು

ಬಾರ್‌ಮನ್ ಗೀರಿದ ಮೂರನೆಯ ಕಡ್ಡಿಯೂ ಚುಸ್ಸೆಂದು ಆರಿತು. ನಿಂಬೆಯ ಅರ್ಧ ಹೋಳಿನೊಳಗೆ ತುಂಬಿದ್ದ ರಮ್ಮು ಮಾತ್ರ ತನಗೂ ಬೆಂಕಿಗೂ ಸಂಬಂಧವೇ ಇಲ್ಲವೆಂಬಂತೆ ತಣ್ಣಗೆ ಕೂತಿತ್ತು.

"ಏನಪ್ಪಾ, ನೀರಲ್ಲಿ ಹೋಮ ಮಾಡ್ತಿದ್ದೀಯಾ?" ಎಂದರು ಕೌಂಟರಿನ ಮುಂದೆ ಕೂತಿದ್ದ ಹಲ್ಲಿನ ಡಾಕ್ಟರು.

ಹದಿನೈದು ವರ್ಷದ ಗಿರಾಕಿ ಅವರು. ಗ್ಲಾಸಿನ ಮೇಲೆ ಬೆಂಕಿ ಉರಿಯುವ ಕಾಕ್‌ಟೇಲ್ ಮಾಡಿ ತೋರಿಸಿದರೆ, ತಮ್ಮ ಸಂಘದ ಇನ್ನೂರು ಡಾಕ್ಟರುಗಳ ಔತಣ ಇಲ್ಲೇ ಎಂದಿದ್ದರು. ಔತಣ ಸಿಕ್ಕರೆ ನಿನ್ನನ್ನೇ ಹೆಡ್ ಬಾರ್‌ಮನ್ ಮಾಡುತ್ತೇನೆಂದು ಮಾಲೀಕ ಬಾರ್‌ಮನ್‌ಗೆ ಮಾತು ಕೊಟ್ಟಿದ್ದ. ಇವನು ಬೆಳಿಗ್ಗೆಯೇ ಹೆಂಡತಿಗೆ ಸುದ್ದಿ ಹೇಳಿಯೂ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ!

ಶೇಕಡಾ ಎಪ್ಪತ್ತೈದು ಆಲ್ಕೋಹಾಲಿರುವ ರಮ್ಮು. ಕಡ್ಡಿ ತೋರಿಸಿದರೆ ಸಾಕು, ಭಗ್ಗೆನ್ನಬೇಕು. ಯಾಕೆ ಹೊತ್ತುತ್ತಿಲ್ಲವೆಂದು ಬಾರ್‌ಮನ್‌ಗೆ ಗೊತ್ತು. ದಿನಾ ಬಾಗಿಲು ಹಾಕುವಾಗ ಒಂದು ಪೆಗ್ ತಾನು ಕುಡಿದು, ಅಷ್ಟೇ ನೀರನ್ನು ಬಾಟಲಿಗೆ ಕುಡಿಸುತ್ತಿದ್ದ. ಆದರೂ ಈ ಪಾಟಿ ಸಪ್ಪೆಯಾಗಬಾರದಿತ್ತಲ್ಲ!

"ಕಡ್ಡಿ ತೇವ ಆಗಿರ್ಬೇಕು," ಎಂದ ಮಾಲೀಕ, ಯಾರೂ ಕೇಳದಿದ್ದರೂ.

"ನಿಂಬೆಹಣ್ಣೂ ಸರಿ ಇಲ್ಲ, ಸಾರ್," ಎಂದು ಬಾರ್‌ಮನ್ ದನಿಗೂಡಿಸಿದ.

"ಪಾಪ, ನಿಂಬೆಹಣ್ಣು ಏನ್ ಮಾಡ್ತು?" ಎನ್ನುತ್ತಾ ಡಾಕ್ಟರು ಎದ್ದು ಕೋಟು ತೊಟ್ಟುಕೊಂಡರು.

ಮಾಲೀಕ ಒಳಗೋಡಿ ಸೀಲು ಒಡೆಯದ ಬಾಟಲಿ ತಂದ. ಬಾರ್‌ಮನ್ ಎಂದಿನ ಅಳತೆಯಲ್ಲೇ ಧಾರಾಳವಾಗಿ ಸುರಿದ. ಅಸಲಿ ರಮ್ಮಿನ ಅಳತೆ ಅವನ ಕೈಗೆ ಮರೆತೇಹೋಗಿತ್ತು. ಕಡ್ಡಿ ಗೀರಿದ. ಭಗ್! ಬಗ್ಗಿ ನೋಡುತ್ತಿದ್ದ ಮಾಲೀಕನ ಎಡಮೀಸೆ ಕರಕಲಾಯಿತು.

ಡಾಕ್ಟರು ಚಪ್ಪಾಳೆ ತಟ್ಟಿ ಮತ್ತೆ ಕೂತರು. ಬಾರ್‌ಮನ್ ತಟ್ಟೆ ಮುಚ್ಚಿ ಉರಿ ಆರಿಸಿ, ಹೋಳಿನ ರಮ್ಮನ್ನು ಗ್ಲಾಸಿಗೆ ಬಗ್ಗಿಸಿ ಕೊಟ್ಟ. ಒಂದು ಗುಟುಕು ಹೀರಿದ್ದೇ ಅವರ ಮುಖ ಕಿವುಚಿಹೋಯಿತು.

"ಥೂ! ಹದಿನೈದು ವರ್ಷ ನಿಮ್ಮ ರಮ್ಮು ಕುಡಿದೋನು ನಾನು, ನನಗೇ ಟೋಪಿ ಹಾಕ್ತೀರಾ? ಇದರಲ್ಲೇನೋ ಕಲಬೆರಕೆ ಆಗಿದೆ ಕಣ್ರೀ! ನನಗೆ ಆ ಹಳೇ ರುಚೀನೇ ಬೇಕು. ಇದನ್ನ ಸರಿ ಮಾಡಿ ಕೊಟ್ರೆ ಔತಣ ಇಲ್ಲೇ. ಇಲ್ಲಾಂದ್ರೆ ಬರ್ತೀನಿ."

"ಈಗ್ಲೇ ಮಾಡ್ತೀನಿ, ಸಾರ್!" ಬಾರ್‌ಮನ್ ತಿರುಗಿಯೂ ನೋಡದೆ ನೀರಿನ ಜಗ್ಗಿಗೆ ಕೈ ಹಾಕಿದ.

ಅದರ ಹಿಡಿಯ ಮೇಲೆ ಮಾಲೀಕನ ಕೈ ಆಗಲೇ ಇತ್ತು.