ಪಾಟೀಲರ ಮನೆಯ ಟೋಪಿ

ರಾಯಚೂರಿನಲ್ಲಿ ಹಿಮ ಬೀಳತೊಡಗಿದ ಮೇಲೆ ಮಂಕಿ ಟೋಪಿ ಇಲ್ಲದೆ ಹೊಸ್ತಿಲು ದಾಟುವವರೇ ಇಲ್ಲ. ಕಾಣುವುದು ಕಣ್ಣು ಮಾತ್ರ. ಹಾಗಾಗಿ ಮನೆಗೊಂದು ನಮೂನೆಯ ಹೆಣಿಗೆ. ಆ ಹೆಣಿಗೆಯೇ ಮನುಷ್ಯರ ಗುರುತು.

ತೀರಿಕೊಂಡ ಅವ್ವನ ಹೆಣಿಗೆ ಕಡ್ಡಿ ಯಾರಿಗೆ ಸೇರಬೇಕೆಂದು ಜಗಳವಾಡಿ ಶಂಕ್ರವ್ವ ತನ್ನ ಅಕ್ಕ ನೀಲವ್ವನ ಜೊತೆ ಮಾತು ಬಿಟ್ಟಿದ್ದಳು. ಆದರೆ ಅಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಮನೆಯಲ್ಲಿ ಕೂರಲಾಗಲಿಲ್ಲ. ಗುರುತು ಸಿಗದಿರಲೆಂದು ನೆರೆಯ ಪಾಟೀಲರ ಮನೆಯ ನಮೂನೆಯಲ್ಲೊಂದು ಟೋಪಿ ಹೆಣೆದು, ಮುಖಕ್ಕೆಳೆದುಕೊಂಡು, ಹೆಂಗಸರ ನಡುವೆ ಹೋಗಿ ಕುಳಿತಳು.

ಯಾರಿಗೂ ಅನುಮಾನ ಬರಲಿಲ್ಲ. ಕಂಬಳಿ ಸುತ್ತಿದ ಕೂಸು ಕೈಯಿಂದ ಕೈಗೆ ದಾಟಿ ಅವಳ ಮಡಿಲಿಗೂ ಬಂತು. ಅದರ ಮೂಗು ನೋಡುತ್ತ ಶಂಕ್ರವ್ವ ಲೋಕವನ್ನೇ ಮರೆತಿದ್ದಾಗ, ನೀಲವ್ವ ಬಂದು ಟೋಪಿಯ ಅಂಚು ಹಿಡಿದಳು.

"ಪಾಟೀಲರ ಮನ್ಯಾಗ ಅಂಚಿಗೆ ಜೋಡಿಗಂಟು ಯಾವಾಗಿಂದ ಹಾಕಾಕತ್ತಾರ? ಅದು ನಮ್ಮವ್ವ ಕಲಿಸಿದ್ದು."

ಕೈ ತನ್ನ ರೂಢಿ ಬಿಟ್ಟಿರಲಿಲ್ಲ. "ತಪ್ಪಾತು ಅಕ್ಕಾ, ಹೋಗ್ತೀನಿ," ಎಂದು ಶಂಕ್ರವ್ವ ಏಳಹೋದಳು.

"ಎಲ್ಲಿಗಿ ಹೋಗ್ತಿ? ಕುಂದ್ರು!" ನೀಲವ್ವ ಅವ್ವನ ಕಡ್ಡಿಗಳನ್ನು ಸೊಂಟದಿಂದ ತೆಗೆದು ತಂಗಿಯ ಕೈಗೆ ತುರುಕಿದಳು. "ಕೂಸಿಗೆ ಇನ್ನೂ ಟೊಪಿಗಿ ಇಲ್ಲ. ನೀ ಬಂದಽ ಬರ್ತಿ ಅಂತ ಯಾರಿಗೂ ಹೆಣ್ಯಾಕ ಬಿಟ್ಟಿಲ್ಲ ನಾನು."